ರಜ್ಜುಲಂಘನ ನಿಧಿಮೀಮಾಂಸೆ

ಯಾವನು ಮಹೇಂದ್ರಗಿರಿಯನ್ನು ಮೆಟ್ಟಿ ನೂರು ಯೋಜನದ ಕಡಲನ್ನು ಒಂದೇ ನೆಗೆತಕ್ಕೆ ದಾಟಿದನೋ, ದಾಟುವ ಮುಂಚೆ ಯೋಜನಕ್ಕೆ ಇಷ್ಟು ಕಾಸು ಎಂದು ಕಪಿಸೇನೆಯಲ್ಲಿ ಯಾರ ಹತ್ತಿರವೂ ಸಹಿ ಹಾಕಿಸಿಕೊಳ್ಳಲಿಲ್ಲವೋ, ದಾಟಿ ಬಂದ ಮೇಲೆ ಜಾಂಬವಂತನ ಮುಂದೆ ಲಕೋಟೆ ಚಾಚಲಿಲ್ಲವೋ, ಅಂಥ ಆಂಜನೇಯನಿಗೆ ಮೊದಲ ನಮಸ್ಕಾರ. ಟೆಕ್ಸಸಿನ ಫ್ರಿಸ್ಕೋದಲ್ಲಿ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನವಿದೆ. ಅದಕ್ಕೆ ನಮ್ಮ ಮೈಸೂರಿನ ದತ್ತಪೀಠದ ನಂಟು. ಪಕ್ಕದ ಪ್ಲೇನೋ ಊರಿನ ಒಂದು ಪ್ರಾಥಮಿಕ ಶಾಲೆಯ ಜಿಮ್ಮಿನಲ್ಲಿ ನಡೆದ ಕಾರ್ಯವೇ ಈ ಗ್ರಂಥಕ್ಕೆ ಕಾರಣವಾದ್ದರಿಂದ, ಕಾರ್ಯಕ್ಕೂ ಸಿದ್ಧಿಗೂ ಅಷ್ಟು ಹತ್ತಿರದಲ್ಲಿ ದೇವರಿರುವುದು ಅನುಕೂಲವೇ.

ಶಾಸ್ತ್ರಗ್ರಂಥ ಎಂದ ಮೇಲೆ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಶಾಲೆಯ ಮಕ್ಕಳು ಹಗ್ಗ ಜಿಗಿಯುವುದು, ಅದನ್ನು ನೋಡಿಯೋ ನೋಡದೆಯೋ ದೊಡ್ಡವರು ಹಣ ಕೊಡುವುದು. ಪ್ರಯೋಜನ: ಹೃದ್ರೋಗದ ಸಂಶೋಧನೆ ಎಂದು ಕರಪತ್ರ ಹೇಳುತ್ತದೆ, ಉಳಿದ ಪ್ರಯೋಜನಗಳನ್ನು ನಾವು ಮುಂದೆ ಬಯಲಿಗೆಳೆಯುತ್ತೇವೆ. ಅಧಿಕಾರಿ: ಮಗನ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಿ, ಹಗಲೆಲ್ಲ ಕಿಟಕಿಯಿಂದ ಜನವಿಲ್ಲದ ರಸ್ತೆ ನೋಡಿ ಕಣ್ಣು ಸೋತ ಯಾವ ಅಜ್ಜ, ಅಜ್ಜಿಯೂ ಆಗಬಹುದು. ಸಂಬಂಧ: ಮೊಮ್ಮಗಳದು.

ಗ್ರಂಥಕರ್ತನ ಯೋಗ್ಯತೆ ಏನು ಎನ್ನುವವರಿಗೆ: ಮೈಸೂರಿನ ಪಾಠಶಾಲೆಯೊಂದರಲ್ಲಿ ಪೂರ್ವಮೀಮಾಂಸೆ ಹೇಳಿ ನಿವೃತ್ತರಾದವರು ನಾವು. ಯಜ್ಞದ ಸೌಟು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ವಿದ್ಯಾರ್ಥಿಗಳೇ ಇಲ್ಲದ ಕೊಠಡಿಯಲ್ಲೂ ಮಧ್ಯಾಹ್ನವಿಡೀ ವಾದಿಸಿದ ಅಭ್ಯಾಸವಿದೆ. ಅಂಥವರ ಕಣ್ಣೆದುರು ನೂರು ಮಕ್ಕಳು ಒಟ್ಟಿಗೆ ಹಗ್ಗ ಬೀಸಿದರೆ ಶಾಸ್ತ್ರ ಹುಟ್ಟದೆ ಇನ್ನೇನು ಹುಟ್ಟೀತು? ಸೂತ್ರಗಳೂ ನಮ್ಮವೇ, ಭಾಷ್ಯವೂ ನಮ್ಮದೇ. ಸೂತ್ರಗಳ ವ್ಯಾಕರಣವನ್ನು ಪಾಣಿನೀಯರು ಕೆದಕಬಾರದಾಗಿ ವಿನಂತಿ.

ಉತ್ಪತ್ತಿ ಪ್ರಕರಣ

ಅಥ ರಜ್ಜುನಿಧಿವಿಚಾರಃ ಎಂಬುದು ಮೊದಲ ಸೂತ್ರ.

ಇಲ್ಲಿ 'ಅಥ' ಎಂದರೆ ಯಾವುದಾದ ಮೇಲೆ? ಶಾಲೆಯ ಚೀಲದ ತಳದಿಂದ, ಅರ್ಧ ತಿಂದ ಸೇಬಿನ ಕೆಳಗಿನಿಂದ, ಒದ್ದೆಯಾದ ಒಂದು ಲಕೋಟೆ ಹೊರಬಿದ್ದ ಮೇಲೆ. ಲಕೋಟೆಯ ಮೇಲೆ ಕೆಂಪು ಹೃದಯದ ಚಿತ್ರ, ಒಳಗೆ ಗೆರೆ ಹಾಕಿದ ಪಟ್ಟಿ: ದಾನಿಯ ಹೆಸರು, ಮೊತ್ತ, ಕೊಟ್ಟಾಯಿತೋ ಇಲ್ಲವೋ. ಈ ಮೂರನೆಯ ಕಲಮು ಇಟ್ಟವರು ಯಾರೇ ಆಗಿರಲಿ, ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು.

ಈ ಕರ್ಮದ ಮೂಲವನ್ನು ಹುಡುಕುತ್ತ ಹೋದರೆ 1978ಕ್ಕೆ ಮುಟ್ಟುತ್ತೇವೆ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಪ್ರೌಢಶಾಲೆಯೊಂದರ ವ್ಯಾಯಾಮ ಶಿಕ್ಷಕಿ ಹುಡುಗರ ಕೈಗೆ ಹಗ್ಗ ಕೊಟ್ಟು, ಜಿಗಿಸಿ, ಹೃದಯದ ಹೆಸರಿನಲ್ಲಿ ಹಣ ಕೂಡಿಸಿದರು. 1924ರಲ್ಲಿ ಹುಟ್ಟಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಎತ್ತಿಕೊಂಡು ದೇಶದ ಶಾಲೆಗಳಿಗೆಲ್ಲ ಹಂಚಿತು. 'ಜಂಪ್ ರೋಪ್ ಫಾರ್ ಹಾರ್ಟ್' ಎಂಬ ಹೆಸರಿನಲ್ಲಿ ಅದು ಕೆನಡಾಕ್ಕೂ ಹೋಯಿತು, 1983ರಲ್ಲಿ ಆಸ್ಟ್ರೇಲಿಯಾದಲ್ಲೂ ಶುರುವಾಯಿತು. ಅಮೆರಿಕದಲ್ಲಿ 2018ರ ಹೊತ್ತಿಗೆ ಹೆಸರು ಬದಲಾಗಿ 'ಕಿಡ್ಸ್ ಹಾರ್ಟ್ ಚಾಲೆಂಜ್' ಆಗಿದೆ. ನಾವು ಕಂಡದ್ದು ಹೆಸರು ಬದಲಾಗುವ ಮುಂಚಿನ ಪ್ರಯೋಗ. ಹೆಸರು ಬದಲಾದರೆ ಕರ್ಮ ಬದಲಾಗುತ್ತದೆಯೇ ಎಂಬುದು ಮೀಮಾಂಸಕರಿಗೆ ಬಲು ಪ್ರಿಯವಾದ ಚರ್ಚೆ. ಮೂರು ಸಂಜೆಗೆ ಸಾಕಾಗುವಷ್ಟು ಸರಕಿದೆ. ಸಂಪಾದಕರು ಅಷ್ಟು ಪುಟ ಕೊಡುವುದಿಲ್ಲ.

ಇಲ್ಲಿ ಪೂರ್ವಪಕ್ಷಿ, ಎಂದರೆ ಆಕ್ಷೇಪ ಎತ್ತುವವನು, ಎದ್ದು ನಿಲ್ಲುತ್ತಾನೆ: ಮಕ್ಕಳನ್ನು ಮುಂದಿಟ್ಟುಕೊಂಡು ಹಣ ಎತ್ತುವುದು ಅಮೆರಿಕದವರ ಶೋಧವೇ? ಅಲ್ಲ ಸ್ವಾಮಿ. ನಮ್ಮಲ್ಲಿ ಡಿಸೆಂಬರ್ 7ರ ಸಶಸ್ತ್ರಪಡೆಗಳ ಧ್ವಜ ದಿನ 1949ರಿಂದ ನಡೆದುಬಂದಿದೆ. ಗುಂಡುಸೂಜಿ ಚುಚ್ಚಿದ ಆ ಪುಟ್ಟ ಬಾವುಟವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ನಾಲ್ಕಾಣೆ ಕೊಟ್ಟವರು ನಾವೆಲ್ಲ. ಇನ್ನು ಮಿಲ್ವಾಕಿಯಲ್ಲಿ ಹಗ್ಗ ಬೀಸಿದ ಅದೇ 1978ರಲ್ಲಿ ನಮ್ಮಲ್ಲಿ ಹೆಲ್ಪೇಜ್ ಇಂಡಿಯಾ ನೋಂದಣಿಯಾಯಿತು. ಅದರ ಫಾರಂ ಹಿಡಿದ ಮಕ್ಕಳು ಭಾನುವಾರ ಮಧ್ಯಾಹ್ನ, ಸರಿಯಾಗಿ ನಿದ್ದೆ ಹತ್ತುವ ಹೊತ್ತಿಗೆ, ಗೇಟು ಅಲ್ಲಾಡಿಸಿದ್ದನ್ನು ಬೆಂಗಳೂರು, ಮೈಸೂರಿನ ಬಡಾವಣೆಗಳು ಮರೆತಿಲ್ಲ. ವ್ಯತ್ಯಾಸ ಇಷ್ಟೆ. ನಮ್ಮ ಮಕ್ಕಳು ಬರಿದೇ ಕೇಳುತ್ತಿದ್ದರು. ಅಲ್ಲಿಯ ಮಕ್ಕಳು ಜಿಗಿದು ಕೇಳುತ್ತಾರೆ. ಕೇಳುವುದಕ್ಕೂ ಕೊಡುವುದಕ್ಕೂ ನಡುವೆ ಒಂದು ಹಗ್ಗ ಬಂದು ಕೂತಿದೆ. ಆ ಹಗ್ಗದ ಕೆಲಸವೇನು ಎಂಬುದೇ ಈ ಮೀಮಾಂಸೆಯ ತಿರುಳು.

ಕಾಲ ಪ್ರಕರಣ

ಅನೇಕ ಶಾಲೆಗಳಲ್ಲಿ ಇದಕ್ಕೆ ಫೆಬ್ರುವರಿಯೇ ಪ್ರಶಸ್ತ. ಏಕೆಂದರೆ 1964ರಿಂದ ಆ ತಿಂಗಳು ಅಮೆರಿಕದಲ್ಲಿ ಹೃದಯದ ಮಾಸ. ಘೋಷಿಸಿದವರು ಅಧ್ಯಕ್ಷ ಲಿಂಡನ್ ಜಾನ್ಸನ್. ಟೆಕ್ಸಸಿನವರೇ, 1955ರಲ್ಲಿ ತಾವೇ ಹೃದಯಾಘಾತದಿಂದ ಬದುಕಿ ಉಳಿದವರು. ನಮ್ಮಲ್ಲಿ ಸುಮಾರು ಅದೇ ಹೊತ್ತಿಗೆ ರಥಸಪ್ತಮಿ ಬರುತ್ತದೆ. ಜನ ನೂರೆಂಟು ಸೂರ್ಯನಮಸ್ಕಾರ ಹಾಕುತ್ತಾರೆ. ಒಂದು ನಮಸ್ಕಾರಕ್ಕೆ ಎಷ್ಟು ಎಂದು ಕೇಳುವುದು ಯಾರಿಗೂ ಹೊಳೆದಿಲ್ಲ. ಹೊಳೆಯಿಸಿದ ಪಾಪ ನಮಗೆ ಬೇಡ, ಮುಂದಕ್ಕೆ ಹೋಗೋಣ.

ಅಧಿಕಾರ ಪ್ರಕರಣ

ಬಾಲೋ ಜಿಗಿಯತಿ, ವೃದ್ಧೋ ದದಾತಿ ಎಂಬುದು ಎರಡನೆಯ ಸೂತ್ರ.

ಯಜ್ಞದಲ್ಲಿ ಖರ್ಚು ಮಾಡುವವನು ಯಜಮಾನ, ಕೈಯಾಡಿಸಿ ದುಡಿಯುವವನು ಋತ್ವಿಜ. ಫಲ ಹೋಗುವುದು ಯಜಮಾನನಿಗೆ; ಋತ್ವಿಜನಿಗೆ ದಕ್ಷಿಣೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಹಾಗಾದರೆ ಇಲ್ಲಿ ಯಜಮಾನ ಯಾರು? ಹಣ ಕೊಟ್ಟವನು ಎನ್ನೋಣವೇ? ಅವನಿಗೆ ಸಿಗುವ ಫಲ ಆದಾಯ ತೆರಿಗೆಯಲ್ಲಿ ಒಂದು ವಿನಾಯಿತಿ. ಅದು ಈ ಲೋಕದ ಫಲ, ಏಪ್ರಿಲ್ ತಿಂಗಳಲ್ಲೇ ಗೊತ್ತಾಗಿಬಿಡುತ್ತದೆ. ಶಾಲೆಯೇ ಯಜಮಾನ ಎನ್ನೋಣವೇ? ಕೂಡಿಬಂದ ಹಣಕ್ಕೆ ತಕ್ಕಂತೆ ಶಾಲೆಗೆ ಆಟದ ಸಾಮಾನು ಕೊಳ್ಳುವ ಕೂಪನ್ನು ಬರುತ್ತದೆ. ಅದರಲ್ಲಿ ಮತ್ತಷ್ಟು ಹಗ್ಗ ಕೊಳ್ಳುತ್ತಾರೆ. ಮರುವರ್ಷ ಆ ಹಗ್ಗದಿಂದ ಇನ್ನಷ್ಟು ಜಿಗಿಸುತ್ತಾರೆ. ಇದನ್ನು ಬೀಜಾಂಕುರ ನ್ಯಾಯಕ್ಕೆ ಬಿಡುವುದು ಕ್ಷೇಮ. ಹೃದ್ರೋಗಿಯೇ ಫಲಭಾಗಿ ಎಂದರೆ, ಅವನು ಈ ಮಂಟಪದಲ್ಲೇ ಇಲ್ಲ. ಅವನ ಹೆಸರೂ ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾರೋ ಜಿಗಿಯುತ್ತಾರೆ, ಇನ್ಯಾರೋ ಕೊಡುತ್ತಾರೆ, ಮತ್ತ್ಯಾರದೋ ಎದೆ ನೆಟ್ಟಗಾಗುತ್ತದೆ. ಮೀಮಾಂಸಾಸೂತ್ರಕಾರರಾದ ಜೈಮಿನಿ ಮಹರ್ಷಿಗಳು ಇಂಥದ್ದೊಂದು ಯಾಗವನ್ನು ಕಂಡಿದ್ದರೆ ಸೂತ್ರಗಳ ಸಂಖ್ಯೆ ಇಮ್ಮಡಿಯಾಗುತ್ತಿತ್ತು.

ಇನ್ನೊಂದು ಪ್ರಶ್ನೆ: ಇದು ನಿತ್ಯಕರ್ಮವೋ ಕಾಮ್ಯಕರ್ಮವೋ? ಪ್ರತಿವರ್ಷ ತಪ್ಪದೆ ಬರುವುದರಿಂದ, ಮಾಡದಿದ್ದರೆ ಮಗು ಮಂಕಾಗಿ ಮನೆಗೆ ಬರುವುದರಿಂದ, ನಿತ್ಯವೇ ಎನ್ನುತ್ತಾನೆ ಪೂರ್ವಪಕ್ಷಿ. ಅಲ್ಲ. ಬಾತುಕೋಳಿ ಬೇಕೆಂಬ ಆಸೆಯಿಂದ ಮಾಡುವ ಕರ್ಮ ಕಾಮ್ಯವೇ. ಬಾತುಕೋಳಿ ಎಂದರೇನು ಎಂದು ಕೇಳಬೇಡಿ, ದಕ್ಷಿಣಾ ಪ್ರಕರಣದಲ್ಲಿ ಬರುತ್ತದೆ.

ದ್ರವ್ಯ ಪ್ರಕರಣ

ನಮ್ಮ ದೇಶದಲ್ಲಿ ಹಗ್ಗ ಎಂದೊಡನೆ ವೇದಾಂತಿ ಓಡಿಬಂದು ಅದು ಹಾವಾಗಿ ಕಾಣಬಹುದು ಎನ್ನುತ್ತಾನೆ. ಮುಸ್ಸಂಜೆ, ಮಂದ ಬೆಳಕು, ಹಾದಿಯಲ್ಲಿ ಬಿದ್ದ ಹಗ್ಗ, ಹೆದರಿದ ದಾರಿಹೋಕ: ಇದನ್ನು ಹೇಳಿಕೊಂಡೇ ಶತಮಾನಗಳು ಕಳೆದವು. ಆದರೆ ಆ ಹಗ್ಗ ಸುಮ್ಮನೆ ಬಿದ್ದಿರುವ ಹಗ್ಗ. ಅದನ್ನು ಎತ್ತಿಕೊಂಡು ನಾಲ್ಕು ಸಲ ಜಿಗಿದಿದ್ದರೆ ಭ್ರಾಂತಿ ತಾನೇ ಹರಿಯುತ್ತಿತ್ತಲ್ಲ ಎಂಬ ಯೋಚನೆ ಅದ್ವೈತಿಗಳಿಗೆ ಬಂದಂತಿಲ್ಲ. ಜಿಮ್ಮಿನ ವಿದ್ಯುದ್ದೀಪದ ಕೆಳಗೆ ಹಗ್ಗ ಹಗ್ಗವೇ. ನಾವು ಮೀಮಾಂಸಕರು, ಮಿಥ್ಯೆಯ ಗೊಡವೆ ನಮಗಿಲ್ಲ. ಹಗ್ಗದ ಉದ್ದ ಎಷ್ಟಿರಬೇಕು ಎಂಬುದಷ್ಟೇ ನಮ್ಮ ಚಿಂತೆ.

ಉದ್ದದ ವಿಧಿ ಹೀಗೆ: ಹಗ್ಗದ ನಟ್ಟನಡುವೆ ಪಾದವಿಟ್ಟು ನಿಲ್ಲಬೇಕು. ಎರಡೂ ಹಿಡಿಗಳನ್ನು ಮೇಲಕ್ಕೆಳೆದರೆ ಕಂಕುಳಿಗೆ ಬರಬೇಕು. ಹೆಚ್ಚಾದರೆ ನೆಲಕ್ಕೆ ಬಡಿದು ಸೊಟ್ಟ ಬರುತ್ತದೆ, ಕಡಿಮೆಯಾದರೆ ತಲೆಗೆ ತಾಗುತ್ತದೆ. ಜಿಗಿಯುವ ಎತ್ತರ ಒಂದಂಗುಲ ಸಾಕು. ಹಗ್ಗದ ದಪ್ಪ ಅಷ್ಟೂ ಇರುವುದಿಲ್ಲವಲ್ಲ. ತಿರುಗಬೇಕಾದ್ದು ಮಣಿಕಟ್ಟು ಮಾತ್ರ. ನಾವು ಕಂಡಂತೆ, ಮೊದಲ ದಿನ ಮಕ್ಕಳೆಲ್ಲ ಇಡೀ ತೋಳನ್ನು ಬೀಸಿ, ಒಂದು ಮೊಳ ನೆಗೆದು, ನಡುವೆ ಸುಮ್ಮನೆ ಇನ್ನೊಂದು ಕುಪ್ಪಳಿಕೆ ಹಾಕಿ ಸುಸ್ತಾಗಿ ಕೂರುತ್ತಾರೆ. ಕೋಚ್ ಬಂದು ಮೊಣಕೈ ಎರಡನ್ನೂ ಪಕ್ಕೆಗೆ ಅಂಟಿಸಿ ನಿಲ್ಲಿಸಿದ ಮೇಲೆ ಕರ್ಮ ಹಗುರಾಗುತ್ತದೆ. ಟೆಕ್ಸಸಿನಲ್ಲಿ ವ್ಯಾಯಾಮದ ಮೇಷ್ಟರನ್ನು ಮಕ್ಕಳು ಕೋಚ್ ಎಂದೇ ಕರೆಯುವುದು. ಈ ಯಾಗದಲ್ಲಿ ಬ್ರಹ್ಮನ ಸ್ಥಾನ ಅವರದೇ. ಯಜ್ಞದ ಬ್ರಹ್ಮ ಸಾಮಾನ್ಯವಾಗಿ ಮೌನವಾಗಿ ಕೂತು ಲೋಪ ಗಮನಿಸುವವನು. ಈ ಬ್ರಹ್ಮನ ಕೊರಳಿನಲ್ಲಿ ಮಾತ್ರ ಸೀಟಿ ಇತ್ತು.

ಹಗ್ಗದಲ್ಲಿ ಜಾತಿಭೇದ ಉಂಟು. ನೈಲಾನ್ ದಾರಕ್ಕೆ ಪ್ಲಾಸ್ಟಿಕ್ ಮಣಿ ಪೋಣಿಸಿದ್ದು ಒಂದು. ಅದು ನೆಲಕ್ಕೆ ತಾಗಿದಾಗ ಟಪ್ ಟಪ್ ಎನ್ನುವುದರಿಂದ ಹೊಸಬರಿಗೆ ತಾಳ ಸಿಗುತ್ತದೆ. ಬರೀ ಪ್ಲಾಸ್ಟಿಕ್ಕಿನ ತೆಳು ಹಗ್ಗ ಇನ್ನೊಂದು. ಅದು ವೇಗದವರಿಗೆ, ಕಾಲಿಗೆ ತಗುಲಿದರೆ ಬರೆ ಏಳುತ್ತದೆ. ಹಗ್ಗಕ್ಕೂ ಯಾಗಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸುವವರು ಶ್ರೌತದ ಪುಸ್ತಕ ತೆರೆದು ನೋಡಲಿ: ದರ್ಶಪೂರ್ಣಮಾಸ ಯಾಗದಲ್ಲಿ ಯಜಮಾನನ ಪತ್ನಿಯ ಸೊಂಟಕ್ಕೆ ಮುಂಜದ ಹುಲ್ಲಿನ ಹಗ್ಗವನ್ನು ವಿಧಿವತ್ತಾಗಿ ಕಟ್ಟುತ್ತಾರೆ. ಈ ಮಾತನ್ನು ನಮ್ಮ ಪತ್ನಿಗೆ ಹೇಳಿದೆವು. ಕಟ್ಟಿಸಿಕೊಂಡು ಕೂತವಳಿಗಿಂತ ಬಿಚ್ಚಿಕೊಂಡು ಜಿಗಿದವಳೇ ವಾಸಿ ಎಂದಳು.

ಹಗ್ಗ ಜಿಗಿಯಲೇ ಬಾರದ ಮಗುವಿಗೆ ಏನು ಗತಿ? ಸೋಮಲತೆ ಸಿಗದಿದ್ದರೆ ಪೂತೀಕವನ್ನು ತನ್ನಿ ಎಂದು ಶಾಸ್ತ್ರ ಬದಲಿ ಹೇಳಿದೆ. ಇಲ್ಲಿಯೂ ಬದಲಿ ಇದೆ: ಹಗ್ಗವನ್ನು ನೆಲದ ಮೇಲೆ ನೇರಕ್ಕೆ ಹಾಸಿ ಅದರ ಆಚೆಗೊಮ್ಮೆ ಈಚೆಗೊಮ್ಮೆ ನೆಗೆಯುವುದು. ಶಿಶುವಿಹಾರದ ಪುಟಾಣಿಗಳು ಇದನ್ನೇ ಮಾಡಿ ಸಮಾನ ಪುಣ್ಯ ಸಂಪಾದಿಸಿದವು. ಇಬ್ಬರು ಎರಡು ಉದ್ದ ಹಗ್ಗಗಳನ್ನು ಎದುರುಬದುರು ತಿರುಗಿಸುವಾಗ ನಡುವೆ ನುಗ್ಗಿ ಕುಣಿಯುವ ಡಬಲ್ ಡಚ್ ಮಾತ್ರ ಬೇರೆಯೇ ಶಾಖೆ. ನ್ಯೂಯಾರ್ಕಿನ ಬೀದಿಯ ಕರಿಯ ಹುಡುಗಿಯರು ಬೆಳೆಸಿದ ವಿದ್ಯೆ ಅದು. 1973ರಲ್ಲಿ ಅಲ್ಲಿಯ ಇಬ್ಬರು ಪೊಲೀಸ್ ಪತ್ತೇದಾರರು ಅದಕ್ಕೆ ನಿಯಮ ಕಟ್ಟಿ ಪಂದ್ಯದ ಆಟ ಮಾಡಿದರು. 2009ರಲ್ಲಿ ಆ ನಗರದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಅಧಿಕೃತ ಕ್ರೀಡೆಯೂ ಆಯಿತು. ಪ್ಲೇನೋದ ಜಿಮ್ಮಿನಲ್ಲಿ ಐದನೇ ತರಗತಿಯ ಇಬ್ಬರು ಹುಡುಗಿಯರು ಅದನ್ನು ಆಡಿ ತೋರಿಸಿದಾಗ ಶಾಸ್ತ್ರಕಾರನ ಬಾಯಿಯೂ ತೆರೆದೇ ಇತ್ತು.

ದಾತೃ ಪ್ರಕರಣ

ಈಗ ಮುಖ್ಯ ವಿಷಯ. ದಾನಿಗಳಲ್ಲಿ ಎರಡು ಸಂಪ್ರದಾಯ. ಒಟ್ಟಿಗೆ ಇಷ್ಟು ಎಂದು ಕೊಟ್ಟು ಕೈತೊಳೆದುಕೊಳ್ಳುವವರು ಪಿಂಡದಾತರು. ಜಿಗಿತಕ್ಕೆ ಇಷ್ಟು ಎನ್ನುವವರು ಕಣದಾತರು. ಪಿಂಡ ಎಂದರೆ ಇಲ್ಲಿ ಮುದ್ದೆ, ಬೇರೆ ಅರ್ಥ ಹಚ್ಚಬಾರದು.

ಪಿಂಡದಾತರೇ ಬಹುಸಂಖ್ಯಾತರು. ನಮ್ಮ ಮಗನ ಕಚೇರಿಯ ಸಹೋದ್ಯೋಗಿ ಒಬ್ಬ, ಗುಜರಾತಿನವನು, ಫೋನಿಗೆ ಬಂದ ಕೊಂಡಿಯನ್ನು ಒತ್ತಿ, ಮಗುವಿನ ಹೆಸರನ್ನೂ ಪೂರ್ತಿ ಓದದೆ, ಲಿಫ್ಟು ಮೂರನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಐವತ್ತು ಡಾಲರು ಕಳಿಸಿಬಿಟ್ಟ. ಅವನ ಕಂಪನಿ ನೌಕರರ ದಾನಕ್ಕೆ ಸಮನಾಗಿ ತಾನೂ ಅಷ್ಟೇ ಸೇರಿಸುವ ಪದ್ಧತಿಯದು, ಹಾಗಾಗಿ ನೂರಾಯಿತು. ಮರುತಿಂಗಳು ಅವನ ಮಗ ಸ್ಕೌಟಿನ ಪಾಪ್‌ಕಾರ್ನ್ ಮಾರಿಕೊಂಡು ಬಂದ. ನಮ್ಮ ಮನೆಯಲ್ಲಿ ಈಗಲೂ ಒಂದು ಡಬ್ಬಿ ಒಡೆಯದೆ ಕೂತಿದೆ. ಅಮೆರಿಕದ ಭಾರತೀಯ ಕಾಲೊನಿಗಳಲ್ಲಿ ಈ ಐವತ್ತು ಡಾಲರು ಮನೆಯಿಂದ ಮನೆಗೆ ವರ್ಷವಿಡೀ ಸುತ್ತುತ್ತಲೇ ಇರುತ್ತದೆ, ಮದುವೆಯ ಮುಯ್ಯಿಯ ಹಾಗೆ.

ಕಣದಾತರು ಅಪರೂಪ. ನಮ್ಮ ವಂಶದಲ್ಲಿ ಒಬ್ಬರಿದ್ದಾರೆ: ಮೊಮ್ಮಗಳ ದೊಡ್ಡ ಮಾವ, ಎಂದರೆ ನಮ್ಮ ಪತ್ನಿಯ ಅಣ್ಣ. ಜಯನಗರ ವಾಸಿ, ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರು, ಎದೆಯಲ್ಲಿ ಎರಡು ಸ್ಟೆಂಟು. ಈ ಕಾರ್ಯಕ್ಕೆ ಇವರಿಗಿಂತ ಯೋಗ್ಯ ದಾನಿ ಯಾರು ಎಂದುಕೊಂಡು ಮೊಮ್ಮಗಳು ರಾತ್ರಿ ಒಂಬತ್ತಕ್ಕೆ ವಿಡಿಯೋ ಕರೆ ಮಾಡಿದಳು. ಅಲ್ಲಿ ಬೆಳಗಿನ ಎಂಟೂವರೆ. ಲಾಲ್‌ಬಾಗಿನ ವಾಕಿಂಗ್ ಮುಗಿಸಿ ಮಫ್ಲರು ಬಿಚ್ಚದೆ ಕಾಫಿ ಹೀರುತ್ತಿದ್ದರು.

"ಒಟ್ಟಿಗೆ ಇಷ್ಟು ಅಂತ ಕೊಡೋದು ನಮ್ಮ ಪದ್ಧತಿ ಅಲ್ಲ ಪುಟ್ಟಿ. ಒಂದು ಜಿಗಿತಕ್ಕೆ ಒಂದು ರೂಪಾಯಿ. ಎಷ್ಟು ಬೇಕಾದರೂ ಜಿಗಿ."

"ಕಾಲಿಗೆ ಸಿಕ್ಕಿಕೊಂಡರೆ?"

"ಸಿಕ್ಕಿಕೊಂಡದ್ದು ಲೆಕ್ಕಕ್ಕಿಲ್ಲ."

"ಯಾರು ಎಣಿಸೋದು?"

"ನಂಬಿಕೆ ಇರೋ ಸಾಕ್ಷಿ ಇರಲಿ. ನಿಮ್ಮ ತಾತ ಬೇಡ, ಅವರು ಮಧ್ಯದಲ್ಲಿ ಯೋಚನೆ ಮಾಡ್ತಾರೆ."

ಮಾವನ ಒಳಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಹುಡುಗಿಗೆ ಎಂಟು ವರ್ಷ, ಹೋಳಿಗೆಗೆ ತುಪ್ಪ ಜಾಸ್ತಿ ಹಾಕಿಸಿಕೊಳ್ಳುವವಳು, ಹೆಚ್ಚೆಂದರೆ ಐವತ್ತು ಜಿಗಿದಾಳು. ಐವತ್ತು ರೂಪಾಯಿಗೆ ಉದಾರಿ ಎನ್ನಿಸಿಕೊಳ್ಳುವ ಯೋಗ ಜಯನಗರದಲ್ಲಿ ಇನ್ನೆಲ್ಲಿ ಸಿಗುತ್ತದೆ?

ಹುಡುಗಿ ಏನು ಮಾಡಿದಳು? ಮಾರನೆಯ ಸಂಜೆಯಿಂದಲೇ ಕಾರು ಹೊರಗೆ ನಿಲ್ಲಿಸಿ ಗ್ಯಾರೇಜಿನಲ್ಲಿ ಜಿಗಿಯತೊಡಗಿದಳು. ಐವತ್ತು ಡಾಲರು ಕೊಟ್ಟವನಿಗಾಗಿ ಅವಳು ಒಂದು ಸಲವೂ ಕಾಲೆತ್ತಲಿಲ್ಲ. ಅವನ ಹಣ ಆಗಲೇ ಬಂದಾಗಿತ್ತು. ಒಂದೊಂದು ರೂಪಾಯಿಯ ಮಾವನಿಗಾಗಿ ಕಣಕಾಲು ಊದಿಸಿಕೊಂಡಳು. ದುಡ್ಡಿನ ಲೆಕ್ಕದಲ್ಲಿ ಮಾವ ಆ ಪಟ್ಟಿಯ ಕಟ್ಟಕಡೆಯವರು. ಆದರೂ ಆ ಹುಡುಗಿಯ ಎದೆಯನ್ನು ಆ ತಿಂಗಳು ಯಾರಾದರೂ ಗಟ್ಟಿ ಮಾಡಿದ್ದರೆ ಅದು ಈ ಜಿಪುಣರೇ. ನಿಮಿಷಕ್ಕೆ ನೂರರ ಮೇಲೆ ಜಿಗಿಯುವವರ ದೇಹ ಸುಮ್ಮನೆ ಕೂತವರಿಗಿಂತ ಸುಮಾರು ಹನ್ನೆರಡು ಪಟ್ಟು ಶಕ್ತಿ ಸುಡುತ್ತದೆ ಎಂದು ವ್ಯಾಯಾಮಶಾಸ್ತ್ರ ಲೆಕ್ಕ ಕೊಟ್ಟಿದೆ. ಪಿಂಡದಾತರ ಹಣ ಕಾಣದ ರೋಗಿಯ ಹೃದಯಕ್ಕೆ ಹೋಯಿತು, ಕಣದಾತರ ಕಾರ್ಪಣ್ಯ ಕಾಣುವ ಮಗುವಿನ ಹೃದಯಕ್ಕೆ. ಶಾಲೆಯವರು ಮಾತ್ರ ಗೋಡೆಯ ಮೇಲಿನ ಚಿತ್ರದಲ್ಲಿ ಡಾಲರನ್ನಷ್ಟೇ ಕೆಂಪು ಬಣ್ಣದಲ್ಲಿ ಏರಿಸುತ್ತ ಹೋದರು. ಜಿಗಿತಕ್ಕೆ ಒಂದು ಗೋಡೆ ಇರಲಿಲ್ಲ.

ನಿಷೇಧ ಪ್ರಕರಣ

ಪರಿಚಯವಿಲ್ಲದವರ ಮನೆಯ ಬಾಗಿಲು ತಟ್ಟಬಾರದು ಎಂದು ಲಕೋಟೆಯ ಮೇಲೆಯೇ ಅಚ್ಚಾಗಿದೆ. ಪರಿಚಯವಿದ್ದವರು ಬಾಗಿಲು ತೆರೆಯುವುದಿಲ್ಲವಾದ್ದರಿಂದ ಹಣವೆಲ್ಲ ಫೋನಿನಲ್ಲೇ ಬಂತು.

ಪ್ರಯೋಗ ಪ್ರಕರಣ

ಗಣನಾ ನಾಸ್ತಿ ಎಂಬುದು ಮೂರನೆಯ ಸೂತ್ರ.

ಪ್ರಯೋಗದ ದಿನ ಜಿಮ್ಮಿನ ನೆಲಕ್ಕೆ ಬಣ್ಣದ ಟೇಪು ಅಂಟಿಸಿ ಮಂಡಲಗಳನ್ನು ಬರೆದಿದ್ದರು. ಒಂದು ಮಂಡಲದಲ್ಲಿ ಕೈ ಅಡ್ಡಹಾಕಿ ಜಿಗಿಯುವುದು, ಒಂದರಲ್ಲಿ ಒಂಟಿಕಾಲು, ಇನ್ನೊಂದರಲ್ಲಿ ಒಂದು ನೆಗೆತಕ್ಕೆ ಹಗ್ಗ ಎರಡು ಸುತ್ತು. ಒಂದರಲ್ಲಿ ಬರೀ ನೀರು ಕುಡಿಯುವುದು. ಅಲ್ಲಿ ಸಾಲು ಉದ್ದವಿತ್ತು. ಮೊದಲು ಪರದೆಯ ಮೇಲೆ ಒಂದು ಚಿಕ್ಕ ಚಿತ್ರ: ಹುಟ್ಟುವಾಗಲೇ ಎದೆಯಲ್ಲಿ ತೊಡಕಿದ್ದು ಶಸ್ತ್ರಚಿಕಿತ್ಸೆಯಾಗಿ ಈಗ ಓಡಾಡಿಕೊಂಡಿರುವ ಮಗು. ಕರ್ಮದಲ್ಲಿ ಉತ್ಸಾಹ ಹುಟ್ಟಿಸುವ ಇಂಥ ಭಾಗವನ್ನು ನಾವು ಅರ್ಥವಾದ ಎನ್ನುತ್ತೇವೆ. ಅರ್ಥವಾದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇವೆ. ಅಂದು ಕನ್ನಡಕ ಮಸುಕಾದದ್ದು ಜಿಮ್ಮಿನ ಶಾಖಕ್ಕೆ ಎಂದು ತಿಳಿಯತಕ್ಕದ್ದು.

ಆಮೇಲೆ ಸಂಗೀತ. ನಾವು ಕಿವಿಗೆ ಹತ್ತಿ ಇಟ್ಟುಕೊಂಡದ್ದರಿಂದ ಆ ವಿಷಯದಲ್ಲಿ ಈ ಗ್ರಂಥಕ್ಕೆ ಅಭಿಪ್ರಾಯವಿಲ್ಲ.

ನೂರು ಮಕ್ಕಳು, ನೂರು ಹಗ್ಗ, ಸೀಟಿ. ಮರದ ನೆಲ ಟಪಟಪ ಎನ್ನುತ್ತಿತ್ತು. ಮಳೆಗಾಲದಲ್ಲಿ ತಗಡಿನ ಮಾಡು ಕೇಳಿದವರಿಗೆ ಆ ಸದ್ದು ಹೇಳಿಕೊಡಬೇಕಾಗಿಲ್ಲ. ಈ ಗದ್ದಲದಲ್ಲಿ ಯಾರ ಜಿಗಿತ ಎಷ್ಟಾಯಿತೆಂದು ಎಣಿಸುತ್ತಿದ್ದವರು ಯಾರು? ಕೋಚ್ ಎಣಿಸಲಿಲ್ಲ. ತಾಯಂದಿರು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು, ಎಣಿಸಲಿಲ್ಲ. ಮಕ್ಕಳು ಹದಿನೇಳರವರೆಗೆ ಎಣಿಸಿ, ಎಡವಿ, ಪಕ್ಕದವಳ ಕೂಡ ಜಗಳವಾಡಿ, ಮತ್ತೆ ಒಂದರಿಂದ ಶುರುಮಾಡುತ್ತಿದ್ದರು. ಕೋಚ್ ಅವರನ್ನೇ ಕೇಳಿದೆವು. ಎಣಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ ಎಂದು ನಕ್ಕರು. ಅಂದರೆ ಇಡೀ ಯಾಗ ನಿಂತಿರುವುದು ಜಿಗಿತದ ಮೇಲೆ, ಆದರೆ ಜಿಗಿತ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಶಾಸ್ತ್ರಕ್ಕೆ ಇದು ಗಂಡಾಂತರ. ಜಿಗಿಯದಿದ್ದರೂ ಆ ಐವತ್ತು ಡಾಲರು ಬರುತ್ತಿತ್ತಲ್ಲವೇ? ಬರುತ್ತಿತ್ತು. ಆದರೆ ಜಿಗಿಯುತ್ತೇನೆ ಎಂದು ಹೇಳದಿದ್ದರೆ ಬರುತ್ತಿತ್ತೇ? ಇಲ್ಲ. ಇಂದು ಮಾಡಿದ ಯಾಗಕ್ಕೂ ಎಂದೋ ಸಿಗುವ ಸ್ವರ್ಗಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಶಕ್ತಿಯನ್ನು ನಮ್ಮ ಹಿರಿಯರು ಒಪ್ಪಿಕೊಂಡು ಅದಕ್ಕೆ ಅಪೂರ್ವ ಎಂದರು. ಇಷ್ಟು ಕಾಲ ಅದನ್ನು ವಿದ್ಯಾರ್ಥಿಗಳಿಗೆ ತೋರಿಸಲಾಗದೆ ಒದ್ದಾಡಿದ್ದೆವು. ಪ್ಲೇನೋದಲ್ಲಿ ಅದರ ಮೇಲೆ ಕೆಂಪು ಹೃದಯ ಅಚ್ಚು ಹಾಕಿ ಅಂಟು ಹಚ್ಚಿ ಕೊಡುತ್ತಾರೆ.

ಗಣನಾ ನಾಸ್ತಿ ಎಂಬ ಸೂತ್ರಕ್ಕೆ ಒಂದೇ ಅಪವಾದ ಮೂಲೆಯ ಮರದ ಮೆಟ್ಟಿಲ ಮೇಲೆ, ಬೂದು ಕೋಟಿನೊಳಗೆ ಕಂಚಿ ಸೀರೆಯುಟ್ಟು ಕೂತಿತ್ತು. ನಮ್ಮ ಪತ್ನಿ. ಬಲಗೈಯಲ್ಲಿ 108 ಮಣಿಯ ತುಳಸಿ ಜಪಮಾಲೆ. ಮಾವ ಕೇಳಿದ ನಂಬಿಕಸ್ಥ ಸಾಕ್ಷಿ. ಮೊಮ್ಮಗಳ ಪಾದದಡಿ ಹಗ್ಗ ಸರಿದು ಟಪ್ ಎಂದ ಕ್ಷಣಕ್ಕೆ ಒಂದು ಮಣಿ ಜಾರುತ್ತಿತ್ತು. ಎಡವಿದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಒಂದು ಸುತ್ತು ಮುಗಿದಾಗ ಎಡಗೈಯ ಗೆಣ್ಣೊಂದು ಮಡಿಸುತ್ತಿದ್ದಳು. ಪಕ್ಕದಲ್ಲಿದ್ದ ಮೆಕ್ಸಿಕನ್ ಅಜ್ಜಿ ಇದನ್ನು ಕಂಡು ತನ್ನ ಕೊರಳಿನ ರೋಸರಿ ತೆಗೆದು ಮೊಮ್ಮಗನಿಗೆ ಎಣಿಸತೊಡಗಿದಳು. ಅದರಲ್ಲಿ ಮಣಿ ಕಡಿಮೆ. ಸುತ್ತು ಬೇಗ ಮುಗಿಯುವುದರಿಂದ ತನ್ನ ಮೊಮ್ಮಗನೇ ಮುಂದಿದ್ದಾನೆ ಎಂಬ ಭಾವನೆ ಅವಳಿಗೆ ಕೊನೆಯವರೆಗೂ ಇತ್ತು, ನಾವು ಕೆಡಿಸಲಿಲ್ಲ.

ಕೊನೆಯ ಸೀಟಿ ಬಿದ್ದಾಗ ಹನ್ನೊಂದು ಸುತ್ತು, ಮೇಲೆ ಇಪ್ಪತ್ತು ಮಣಿ. 1,208.

ದಕ್ಷಿಣಾ ಪ್ರಕರಣ

ಬಾತುಃ ಪ್ರೇರಕಃ ಎಂಬುದು ನಾಲ್ಕನೆಯ ಸೂತ್ರ.

ಕೂಡಿಸಿದ ಹಣದ ಮೆಟ್ಟಿಲಿಗೆ ತಕ್ಕಂತೆ ಮಕ್ಕಳಿಗೆ ಕಾಣಿಕೆ. ಅದರ ರೂಪ ವರ್ಷವರ್ಷಕ್ಕೆ ಬದಲಾಗುತ್ತದೆ. ನಾವು ಕಂಡ ಸಲ ಅದು ಹೆಬ್ಬೆಟ್ಟಿಗಿಂತ ತುಸು ದೊಡ್ಡ ರಬ್ಬರಿನ ಬಾತುಕೋಳಿ. ಒಂದೊಂದಕ್ಕೆ ಒಂದೊಂದು ವೇಷ. ಮೆಟ್ಟಿಲು ಏರಿದಂತೆ ಬಾತುಗಳ ಸಂಖ್ಯೆ ಏರುತ್ತದೆ. ಹೃದಯ, ರಕ್ತನಾಳ, ಸಂಶೋಧನೆ ಎಂಬ ಮಾತುಗಳನ್ನು ಮಕ್ಕಳು ಗೌರವದಿಂದ ಕೇಳುತ್ತವೆ. ಬಾತು ಎಂದಾಗ ಕಣ್ಣು ಅರಳುತ್ತದೆ. ಮೈಸೂರಿನವರಿಗೆ ಬಾತಿನ ಮಹಿಮೆ ಹೇಳಬೇಕಾಗಿಲ್ಲವಾದರೂ, ಇದು ಆ ಬಾತಲ್ಲ.

ಯಾಗ ಮುಗಿದ ಮೇಲೆ ಉಳಿದ ದ್ರವ್ಯವನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ನಮ್ಮಲ್ಲಿ ಪ್ರತಿಪತ್ತಿ ಎಂಬ ಪ್ರತ್ಯೇಕ ಕರ್ಮವೇ ಇದೆ. ಹಗ್ಗಗಳ ಪ್ರತಿಪತ್ತಿ ಕೋಚ್ ಪಾಲಿಗೆ ಬಂತು: ನೂರು ಹಗ್ಗ ಒಂದಕ್ಕೊಂದು ತೊಡರಿ ಜಿಮ್ಮಿನ ನಡುವೆ ಗುಡ್ಡೆಯಾಗಿತ್ತು, ಅವರು ನೆಲದ ಮೇಲೆ ಕೂತು ಒಂದೊಂದಾಗಿ ಬಿಡಿಸುತ್ತಿದ್ದರು. ಇಡೀ ಶಾಸ್ತ್ರದಲ್ಲಿ ಯಾರೂ ಹಣ ಕೊಡದ, ಯಾರೂ ಚಿತ್ರ ಹಿಡಿಯದ ಕೆಲಸ ಇದೊಂದೇ ಎಂದು ನಮ್ಮ ಮತ. ಬಾತುಗಳ ಪ್ರತಿಪತ್ತಿ ನಮ್ಮ ಮನೆಯಲ್ಲಾಯಿತು. ಮೂರು ಸ್ನಾನದ ತೊಟ್ಟಿಗೆ, ಒಂದು ಕಾರಿಗೆ. ಕಿರೀಟವಿಟ್ಟ ಐದನೆಯದನ್ನು ಹುಡುಗಿ ದೇವರ ಮಂಟಪದಲ್ಲಿ ಗಣಪತಿಯ ಪಕ್ಕ ಕೂರಿಸಿದಳು. ಪ್ಲಾಸ್ಟಿಕ್ಕು, ರಬ್ಬರು ಮಂಟಪಕ್ಕೆ ಸಲ್ಲದು ಎಂದು ನಾವು ಮೂರು ಪ್ರಮಾಣ ಕೊಟ್ಟು ವಾದಿಸಿದೆವು. ಶುಕ್ರವಾರ ನೋಡಿದರೆ ಅದರ ಹಣೆಯಲ್ಲೂ ಕುಂಕುಮ.

ಇನ್ನು ಮಾವನ ಬಾಕಿ. 1,208 ರೂಪಾಯಿ, ಅಂದರೆ ಇಪ್ಪತ್ತು ಡಾಲರೂ ಆಗದ ಮೊತ್ತ, ಎಂಬ ಸುದ್ದಿ ಜಯನಗರ ಮುಟ್ಟಿದಾಗ ಮಾವ ಕಾಫಿ ಲೋಟ ಕೆಳಗಿಟ್ಟರು. ಒಡನೆಯೇ ಇನ್‌ಸ್ಪೆಕ್ಷನ್ ಆರಂಭವಾಯಿತು. ಎಡವಿದ್ದು ಸೇರಿದೆಯೋ? ಇಲ್ಲ. ನೀರು ಕುಡಿಯುವಾಗ? ಬೆರಳು ನಿಂತಿತ್ತು. ಕೊನೆಗೆ ಬ್ರಹ್ಮಾಸ್ತ್ರ ಬಂತು: "ಮಾಲೆಯಲ್ಲಿ ಮೇರುಮಣಿ ಅಂತ ಒಂದಿರುತ್ತಲ್ಲ, ಅದನ್ನೂ ಎಣಿಸಿದೀಯೋ ಹೇಗೆ?"

ನಮ್ಮ ಪತ್ನಿ ಕೆರಳಿದಳು. ಮೇರುವನ್ನು ದಾಟಬಾರದು, ಮುಟ್ಟಿದ ಕೂಡಲೇ ಮಾಲೆ ತಿರುಗಿಸಬೇಕು, ಅದು ಲೆಕ್ಕಕ್ಕಿಲ್ಲ, ಇದನ್ನು ನಮ್ಮಮ್ಮನೇ ನನಗೂ ನಿಮಗೂ ಒಟ್ಟಿಗೆ ಕಲಿಸಿದ್ದು ಎಂದಳು. ಮಾವ ಒಪ್ಪಲಿಲ್ಲ. ಜಿಗಿತದ ವೇಗದಲ್ಲಿ ಮಾಲೆ ತಿರುಗಿಸಲು ಸಮಯವೆಲ್ಲಿ, ಒಂದು ಸುತ್ತಿಗೊಂದು ಮೇರು ಒಳಗೆ ನುಸುಳಿರಲೇಬೇಕು ಎಂಬುದು ಅವರ ಅನುಮಾನಪ್ರಮಾಣ. ಶಾಸ್ತ್ರಕಾರರನ್ನು ಇಬ್ಬರೂ ಸಾಕ್ಷಿಗೆ ಕರೆದರು. ನಾವು ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದೆವು.

ವಾರ ಕಳೆದು ಮೈಸೂರಿನ ನಮ್ಮ ಖಾತೆಗೆ 1,197 ರೂಪಾಯಿ ಜಮಾ ಆಯಿತು. ಹನ್ನೊಂದು ಸುತ್ತಿನ ಹನ್ನೊಂದು ಮೇರು ಕಳೆದಿದ್ದರು. ಡಾಲರಿನ ಲಕೋಟೆಗೆ ಮಗನೇ ಪೂರ್ತಿ ತುಂಬಿಸಿ ಕಳಿಸಿದ. ಸಂಶೋಧನೆಗೆ ಅದರಿಂದ ತೊಂದರೆಯಾಗಿಲ್ಲ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ 'ಅಣ್ಣ, ರೂ. 11' ಎಂಬ ಸಂದೇಶ ಇಂದಿಗೂ ಹಾಗೆಯೇ ಕೂತಿದೆ. ಯುಗಾದಿಗೆ ಮಾವ ಅದರ ಕೆಳಗೇ ಬೇವುಬೆಲ್ಲದ ಚಿತ್ರ ಹಾಕಿದರು, ಹಣ ಹಾಕಲಿಲ್ಲ.